ಹುಳ ತಿಂದ ಎಲೆಗೂ ಒಂದು ಜಾಗ

40ನೇ ವಯಸ್ಸಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತಮ್ಮನ ಕೈಗೆ ಕೊಟ್ಟು ಚಿತ್ರ ಬರೆಯೋಕೆ ಕೂತ ಮನುಷ್ಯನ ಕಥೆ ಯಾರಿಗೆ ಇಷ್ಟ ಆಗಲ್ಲ ಹೇಳಿ? ಅದರಲ್ಲೂ ಸೋಮವಾರ ಬೆಳಿಗ್ಗೆಯ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಒತ್ತಿ ಕೂತಿರುವ ನಮ್ಮಂಥವರಿಗೆ ಇಂಥ ಕಥೆ ಅಂದ್ರೆ ಟಾನಿಕ್ಕು. ಹದಿನೆಂಟನೇ ಶತಮಾನದ ಜಪಾನಿನ ಕಲಾವಿದ ಇಟೊ ಜಾಕುಚು ಇವತ್ತು ನಮ್ಮ ಫೋನುಗಳಿಗೆ ಬರುವುದು ಹೆಚ್ಚಾಗಿ ಈ ರೂಪದಲ್ಲೇ. ಕ್ಯೋಟೋದ ತರಕಾರಿ ಮಂಡಿ ಸಾಹುಕಾರ, ವ್ಯಾಪಾರ ಬಿಟ್ಟ, ಹಿತ್ತಲಲ್ಲಿ ಕೋಳಿ ಸಾಕಿದ, ಹಕ್ಕಿ ಹುಳುಗಳಿಂದ ಸ್ಫೂರ್ತಿ ಪಡೆದ, ಅಮರನಾದ. ಕೆಳಗೆ ನಾಲ್ಕು ಹೃದಯದ ಇಮೋಜಿ.

ಕಥೆಯಲ್ಲಿ ಸುಳ್ಳು ಅಂತ ಹೆಚ್ಚೇನಿಲ್ಲ. ಆದರೆ ಅವನ ಚಿತ್ರಗಳನ್ನು ಸ್ವಲ್ಪ ಹೊತ್ತು ನೋಡ್ತಾ ಕೂತರೆ ಈ 'ಸ್ಫೂರ್ತಿ' ಅನ್ನೋ ಪದ ಎಲ್ಲೋ ಸರಿಯಾಗಿ ಕೂರ್ತಿಲ್ಲ ಅನ್ನಿಸೋಕೆ ಶುರುವಾಗುತ್ತೆ. ಸ್ಫೂರ್ತಿ ಅಂದಾಗ ನಾವು ಸಾಮಾನ್ಯವಾಗಿ ಏನು ಅಂದುಕೊಳ್ತೀವಿ? ಹಕ್ಕಿ ಒಂದು ನೆಪ; ಕಲಾವಿದ ಅದನ್ನು ನೋಡಿ, ತನ್ನೊಳಗಿನ ಏನನ್ನೋ ಹೇಳ್ತಾನೆ. ಹಾರೋ ಹಕ್ಕಿ ಸ್ವಾತಂತ್ರ್ಯ, ಚಿಟ್ಟೆ ಅಂದ್ರೆ ಬದಲಾವಣೆ, ಇರುವೆ ಅಂದ್ರೆ ಶ್ರಮ. ಜಾಕುಚುನ ಚಿತ್ರದಲ್ಲಿ ಇರುವೆ ಇರುವೆಯೇ. ಅದು ನಮಗೆ ಏನನ್ನೂ ಹೇಳಿಕೊಡೋಕೆ ಬಂದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಈ ಚಿತ್ರಗಳನ್ನು ನೋಡಿರೋದು ಪರದೆಯ ಮೇಲೆ ಮತ್ತು ಅಚ್ಚಾದ ಪುಸ್ತಕದಲ್ಲಿ ಮಾತ್ರ. ಒಂದೊಂದೂ ಸುಮಾರು 142 ಸೆಂಟಿಮೀಟರ್ ಎತ್ತರದ ರೇಷ್ಮೆಯ ಸುರುಳಿ. ಅದರ ಮುಂದೆ ನಿಂತವರಿಗೆ ಆಗುವ ಅನುಭವ ಲ್ಯಾಪ್‌ಟಾಪಿನಲ್ಲಿ ಸಿಗಲ್ಲ. ಆದರೆ ಝೂಮ್ ಮಾಡ್ತಾ ಹೋದರೂ ಚಿತ್ರ ಖಾಲಿಯಾಗದೆ ಇರೋದು ಅಪರೂಪ. ಇವನಲ್ಲಿ ಹಾಗೇ ಆಗುತ್ತೆ.

ಹಿನ್ನೆಲೆ ಚುಟುಕಾಗಿ: ಜಾಕುಚು ಹುಟ್ಟಿದ್ದು 1716ರಲ್ಲಿ, ಕ್ಯೋಟೋದ ನಿಶಿಕಿ ಮಾರುಕಟ್ಟೆಯ ಸಗಟು ತರಕಾರಿ ವ್ಯಾಪಾರಿಯ ಹಿರಿಮಗನಾಗಿ. 23ಕ್ಕೆ ಅಪ್ಪ ತೀರಿಕೊಂಡ ಮೇಲೆ ಮಂಡಿ ಇವನ ತಲೆಗೆ ಬಂತು. 1755ರಲ್ಲಿ, ಆಗಿನ ಜಪಾನೀ ಲೆಕ್ಕದಲ್ಲಿ 40 ತುಂಬಿದಾಗ, ಯಜಮಾನಿಕೆಯನ್ನು ತಮ್ಮನಿಗೆ ವಹಿಸಿದ. ಮದುವೆ ಆಗಲಿಲ್ಲ. ಶೊಕೊಕು-ಜಿ ಎಂಬ ದೊಡ್ಡ ಝೆನ್ ಮಠದ ಭಿಕ್ಷು ದೈತೆನ್ ಇವನ ಗೆಳೆಯ, ಗುರು ಎರಡೂ. 'ಜಾಕುಚು' ಅನ್ನೋ ಹೆಸರು ಬಂದಿರೋದು ಲಾವೋತ್ಸೆಯ ದಾವ್ ದ ಜಿಂಗ್‌ನಿಂದ. ತುಂಬಿದ್ದರೂ ಖಾಲಿಯ ಹಾಗೆ ಕಾಣುವುದು ಅನ್ನೋದು ಅದರ ಸುತ್ತಲಿನ ಅರ್ಥ.

ಇವನ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹುಪಾಲು ಬಂದಿರೋದು 1766ರಲ್ಲಿ ದೈತೆನ್ ಬರೆದ ಒಂದು ಶಿಲಾಲೇಖದಿಂದ. ಅದರ ಪ್ರಕಾರ ಜಾಕುಚು ಮೊದಲು ಆಗಿನ ಅಧಿಕೃತ ಶೈಲಿ ಕಲಿತ, ಆಮೇಲೆ ಹಳೆಯ ಚೀನೀ ಚಿತ್ರಗಳನ್ನು ಸಾಲುಸಾಲಾಗಿ ನಕಲು ಮಾಡಿದ. ಒಂದು ದಿನ ಅವನಿಗೆ ಅನ್ನಿಸ್ತು: ಆ ಚೀನೀ ಕಲಾವಿದರು ವಸ್ತುವನ್ನು ನೋಡಿ ಬರೆದರು, ನಾನು ಅವರು ಬರೆದದ್ದನ್ನು ನೋಡಿ ಬರೀತಿದ್ದೀನಿ, ಅಂದ್ರೆ ಒಂದು ಹೆಜ್ಜೆ ಹಿಂದೆ. ಸರಿ, ವಸ್ತುವನ್ನೇ ನೋಡೋಣ ಅಂದರೆ ಫೀನಿಕ್ಸ್ ಕಣ್ಣಿಗೆ ಬೀಳಲ್ಲ. ಚೀನೀ ಋಷಿಗಳು ಜಪಾನಿನಲ್ಲಿ ಓಡಾಡಲ್ಲ. ಕೈಗೆ ಸಿಗೋದು ಯಾವುದು? ಕೋಳಿ. ಹಾಗಾಗಿ ಕಿಟಕಿಯ ಹೊರಗೆ ಹತ್ತಾರು ಕೋಳಿ ಬಿಟ್ಟುಕೊಂಡು ವರ್ಷಗಟ್ಟಲೆ ನೋಡಿದ. ಪೇಟೆಯಲ್ಲಿ ಸುಟ್ಟು ತಿನ್ನೋಕೆ ಮಾರ್ತಿದ್ದ ಗುಬ್ಬಚ್ಚಿಗಳನ್ನು ಕನಿಕರದಿಂದ ಕೊಂಡು ತೋಟದಲ್ಲಿ ಬಿಟ್ಟ ಅಂತಲೂ ದೈತೆನ್ ಬರೀತಾನೆ.

ಗಮನಿಸಿ, ಕೋಳಿಯನ್ನು ಆರಿಸಿದ್ದು ಅದು ಸುಂದರ ಅಂತಲ್ಲ, ದಿನಾ ಕಾಣ್ತದೆ ಅಂತ. ಇದು ಬಹಳ ವ್ಯಾವಹಾರಿಕ ತೀರ್ಮಾನ. ಸರಕು ಎಲ್ಲಿ ಸಿಗುತ್ತೆ, ದಿನಾ ಸಿಗುತ್ತಾ ಅಂತ ಕೇಳಿದ ವ್ಯಾಪಾರಿಯ ಯೋಚನೆ.

ಹೀಗೆ ನೋಡಿದ್ದರ ಫಲ 'ದೋಶೊಕು ಸೈ-ಎ', ಅಂದರೆ 'ಜೀವಿಗಳ ವರ್ಣಮಯ ಲೋಕ': ಸುಮಾರು 1757ರಿಂದ 1766ರ ತನಕ ಬರೆದ 30 ಸುರುಳಿಗಳು. ಅದರಲ್ಲಿ ಹುಂಜಗಳ ಗುಂಪಿನ ಒಂದು ಚಿತ್ರವಿದೆ. ಹದಿಮೂರು ಹುಂಜಗಳು. ಹದಿಮೂರು ಅಂತ ಹೇಳಿದೆ, ಆದರೆ ಎಣಿಸಿ ನೋಡಿ, ಎರಡು ಸಲವಾದರೂ ತಪ್ಪುತ್ತೆ. ಯಾವ ಬಾಲ ಯಾವ ಹುಂಜದ್ದು, ಯಾವ ರೆಕ್ಕೆ ಎಲ್ಲಿ ಮುಗೀತು ಅಂತ ಕಣ್ಣು ಹುಡುಕಾಡುತ್ತೆ. ಒಂದರ ಪುಕ್ಕದ ಚುಕ್ಕೆ ಇನ್ನೊಂದರ ಪುಕ್ಕದ ಗೆರೆಯೊಳಗೆ ನುಗ್ಗಿದೆ. ಮೇಲೆ ಕೆಂಪು ಜುಟ್ಟುಗಳು ಅಲ್ಲಲ್ಲಿ ಬೆಂಕಿ ಹೊತ್ತಿಸಿದ ಹಾಗೆ. ಜುಟ್ಟಿನ ಚರ್ಮದ ತರಿತರಿಯನ್ನೂ ಚುಕ್ಕೆ ಚುಕ್ಕೆ ಇಟ್ಟು ತೋರಿಸಿದ್ದಾನೆ.

ಇದನ್ನು ನೋಡಿದವರು ತಕ್ಷಣ ಹೇಳೋದು 'ಅಬ್ಬಾ, ಎಷ್ಟು ರಿಯಲಿಸ್ಟಿಕ್' ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮ ಕಣ್ಣು ಹೀಗೆ ನೋಡೋದೇ ಇಲ್ಲ. ಹದಿಮೂರು ಹುಂಜ ಎದುರಿಗಿದ್ದರೆ ಒಂದರ ಮೇಲೆ ಕಣ್ಣು ನಿಲ್ಲುತ್ತೆ, ಉಳಿದವು ಮಸುಕಾಗ್ತವೆ. ಫೋನಿನ ಪೋರ್ಟ್ರೇಟ್ ಮೋಡ್ ಮಾಡೋದೂ ಇದನ್ನೇ: ಇದು ಮುಖ್ಯ, ಇದು ಹಿನ್ನೆಲೆ. ಜಾಕುಚುನಲ್ಲಿ ಹಿನ್ನೆಲೆ ಅನ್ನೋದೇ ಇಲ್ಲ. ಮುಂದಿನ ಹುಂಜದ ಕಣ್ಣಿಗೆ ಎಷ್ಟು ಶ್ರಮವೋ, ಮೂಲೆಯಲ್ಲಿ ಅರ್ಧ ಮುಚ್ಚಿಹೋದ ಹುಂಜದ ಕಾಲಿನ ಉಗುರಿಗೂ ಅಷ್ಟೇ. ನೆರಳಿಲ್ಲ, ದೂರ ಹತ್ತಿರ ಇಲ್ಲ. ನಿಜವಾದ ಪುಕ್ಕಗಳನ್ನು ಸೇರಿಸಿ ಕಟ್ಟಿದ, ನಿಜದಲ್ಲಿ ಎಲ್ಲೂ ಇಲ್ಲದ ಒಂದು ನೋಟ ಇದು.

ಇದು ಇನ್ನೂ ಸ್ಪಷ್ಟವಾಗೋದು ಬಿಳಿ ಫೀನಿಕ್ಸ್ ಚಿತ್ರದಲ್ಲಿ. ಹೌದು, ಕಣ್ಣಿಗೆ ಬೀಳಲ್ಲ ಅಂತ ಬಿಟ್ಟ ಅದೇ ಫೀನಿಕ್ಸು! ಹಳೆಯ ಪೈನ್ ಮರದ ಮೇಲೆ ಒಂಟಿ ಕಾಲಲ್ಲಿ ನಿಂತಿದೆ. ಜಾಲರಿಯ ಹಾಗೆ ಹರಡಿದ ಬಿಳಿ ಗರಿ, ಬಾಲದ ತುದಿಯಲ್ಲಿ ಹೃದಯದಾಕಾರದ ಕೆಂಪು, ಹಸಿರು ಬಣ್ಣದ ಗುರುತುಗಳು. ಇಲ್ಲದ ಹಕ್ಕಿಯ ಪುಕ್ಕಗಳನ್ನು ಇವನು ಬರೆದಿರೋದು ಇರುವ ಕೋಳಿಗಳನ್ನು ನೋಡಿದ ಕಣ್ಣಿನಿಂದ. ಅದಕ್ಕೇ ಆ ಫೀನಿಕ್ಸ್ ಈಗಷ್ಟೇ ಬಂದು ಕೂತ ಹಾಗಿದೆ.

ಬರೀ ಕೋಳಿಯಿಂದಲೂ ಇದು ಆಗಿಲ್ಲ ಅನ್ನೋದನ್ನೂ ಸೇರಿಸಬೇಕು. ಶೊಕೊಕು-ಜಿ ಮಠದಲ್ಲಿದ್ದ ಚೀನೀ ಕೊಕ್ಕರೆಯ ಚಿತ್ರಗಳನ್ನು ಜಾಕುಚು ನಕಲು ಮಾಡಿದ್ದಾನೆ, ಆ ನಕಲು ಈಗಲೂ ಇವೆ. ಹುಳ, ಹುಲ್ಲು, ಚಿಟ್ಟೆಗಳನ್ನು ಬರೆಯೋ ಪದ್ಧತಿ ಕೂಡ ಚೀನಾದ್ದೇ, ಅವನಿಗಿಂತ ಎಷ್ಟೋ ಶತಮಾನ ಹಳೆಯದು. ದೈತೆನ್ ಹೇಳುವ 'ನಕಲು ಬಿಟ್ಟು ನಿಸರ್ಗಕ್ಕೆ ಬಂದ' ಅನ್ನೋ ಮಾತು ಗೆಳೆಯನ ಹೊಗಳಿಕೆಯೂ ಹೌದು. ನಕಲು ಮಾಡಿ ಪಳಗಿದ ಕೈ, ಕೋಳಿ ನೋಡಿ ಪಳಗಿದ ಕಣ್ಣು, ಎರಡೂ ಬೇಕಾಯ್ತು.

ಇನ್ನು ಕೆಲಸದ ವಿಷಯ. 1999ರಿಂದ ಆರು ವರ್ಷ ಈ ಸುರುಳಿಗಳನ್ನು ಬಿಚ್ಚಿ ದುರಸ್ತಿ ಮಾಡಿದಾಗ ರೇಷ್ಮೆಯ ಹಿಂಬದಿ ಕಾಣಿಸ್ತು. ಅಲ್ಲೂ ಬಣ್ಣ! ರೇಷ್ಮೆಯ ನೇಯ್ಗೆಯ ಸಂದಿನಿಂದ ಹಿಂದಿನ ಬಣ್ಣ ಮುಂದಕ್ಕೆ ಸೂಸುವ ಹಾಗೆ ಲೆಕ್ಕ ಹಾಕಿ ಹಚ್ಚಿದ್ದಾನೆ. ಫೀನಿಕ್ಸಿನ ಗರಿಯ ಚಿನ್ನದ ಹೊಳಪಿಗೆ ಚಿನ್ನ ಬಳಸಿರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. ಪರೀಕ್ಷೆ ಮಾಡಿದರೆ ಚಿನ್ನ ಇಲ್ಲ. ಹಿಂದೆ ಹಳದಿ ಕಾವಿ ಮಣ್ಣಿನ ಬಣ್ಣ, ಮುಂದೆ ಚಿಪ್ಪಿನ ಪುಡಿಯ ಬಿಳಿ ಗೆರೆ. ಹಳದಿ ಬಿಳಿಯ ನಡುವಿನಿಂದ ಇಣುಕಿ ಹೊಳೀತದೆ ಅಷ್ಟೇ. ಮೀನುಗಳ ಒಂದು ಚಿತ್ರದಲ್ಲಿ ಯುರೋಪಿನಿಂದ ಆಗತಾನೇ ಜಪಾನಿಗೆ ಬರ್ತಿದ್ದ ಪ್ರಷ್ಯನ್ ಬ್ಲೂ ಸಿಕ್ಕಿದೆ, ಅದೂ ಒಂದೇ ಒಂದು ನೀಲಿ ಮೀನಿನ ಮೈಗೆ. ದುಬಾರಿ ಬಣ್ಣ ಸಿಕ್ಕಿತು ಅಂತ ಎಲ್ಲ ಕಡೆ ಬಳಿದಿಲ್ಲ.

ಈಗ ಹುಳುಗಳ ಹತ್ತಿರ ಬರೋಣ. ನನ್ನ ಮಟ್ಟಿಗೆ ಈ ಸರಣಿಯ ಹೃದಯ ಇರೋದು ಕೊಳದ ದಡದ ಹುಳುಗಳ ಚಿತ್ರದಲ್ಲಿ. ಮೇಲಿಂದ ಸೋರೆ ಬಳ್ಳಿ ಇಳಿಬಿದ್ದಿದೆ. ಅದರ ಎಲೆಗಳು ತೂತುತೂತು, ಅಂಚು ಕಂದಿ ಒಣಗಿದೆ. ಜೇಡ ಬಲೆ ಕಟ್ಟಿದೆ. ಏರೋಪ್ಲೇನ್ ಚಿಟ್ಟೆ, ಮಿಡತೆ, ಕಂಬಳಿಹುಳು, ಜೀರುಂಡೆ. ಬಳ್ಳಿಗೆ ಸುತ್ತಿಕೊಂಡ ಒಂದು ಹಾವು. ಕೆಳಗೆ ಕಪ್ಪೆಗಳ ದಂಡು, ಸಭೆಗೆ ಬಂದವರ ಹಾಗೆ ಒಂದೇ ಕಡೆ ಮುಖ ಮಾಡಿ ಕೂತಿವೆ. ನೀರಲ್ಲಿ ಗೊದಮೊಟ್ಟೆಗಳು. ಸತ್ತ ಎರೆಹುಳುವನ್ನು ಮುತ್ತಿಕೊಂಡ ಇರುವೆಗಳು. ಇಷ್ಟೆಲ್ಲವನ್ನೂ ರೇಷ್ಮೆಯ ಮೇಲೆ ಬರೆದಿದ್ದಾನೆ, ಅಂದ್ರೆ ಅದೂ ಒಂದು ಹುಳ ನೂತ ನೂಲೇ.

ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಆ ತೂತುಬಿದ್ದ ಎಲೆಗಳು. ತರಕಾರಿ ಮಂಡಿಯಲ್ಲಿ ಹುಳ ತಿಂದ ಎಲೆ ಅಂದ್ರೇನು? ನಷ್ಟ. ಬುಟ್ಟಿ ಬಂದಾಗ ಅದನ್ನು ಮೊದಲು ಕಿತ್ತು ಬದಿಗೆ ಹಾಕ್ತಾರೆ, ಇಲ್ಲಾಂದ್ರೆ ಬೆಲೆ ಇಳಿಸ್ತಾರೆ. ಜಾಕುಚು ಹದಿನೇಳು ವರ್ಷ ಈ ವ್ಯಾಪಾರ ನಡೆಸಿದವನು. ಯಾವ ಎಲೆಯಲ್ಲಿ ತೂತಿದೆ, ಯಾವ ಕಾಯಿಗೆ ಕಲೆ ಬಿದ್ದಿದೆ ಅಂತ ಒಂದೇ ನೋಟಕ್ಕೆ ಹಿಡಿಯೋ ಕಣ್ಣು ಆ ವರ್ಷಗಳಲ್ಲೇ ತಯಾರಾಗಿರಬೇಕು. ಇದು ನನ್ನ ಓದು, ದೈತೆನ್ ಹೇಳಿದ್ದಲ್ಲ. ಮಂಡಿಯ ಕಣ್ಣನ್ನು ಅವನು ಬಿಡಲೇ ಇಲ್ಲ. ಅದರ ಜೊತೆಗಿದ್ದ ದರಪಟ್ಟಿಯನ್ನು ಮಾತ್ರ ಬಿಟ್ಟ. ಆಗ ತೂತು ಬರೀ ತೂತಾಗಿ ಕಾಣ್ತದೆ: ಅಂಚು ಹೇಗೆ ಕಂದಿದೆ, ನರ ಎಲ್ಲಿ ಉಳಿದಿದೆ, ಅದರಾಚೆ ಏನು ಕಾಣ್ತದೆ. ಫೀನಿಕ್ಸಿನ ಗರಿಗೆ ಕೊಟ್ಟಷ್ಟೇ ಹೊತ್ತನ್ನು ಅದಕ್ಕೂ ಕೊಟ್ಟ.

ಹೀಗೆ ಎಲ್ಲಕ್ಕೂ ಸಮಪಾಲು ಕೊಡೋದರ ಹಿಂದೆ ನಂಬಿಕೆಯೂ ಇತ್ತು. ಈ ಚಿತ್ರಗಳನ್ನು ಅವನು ಮಾರೋಕೆ ಬರೆದದ್ದಲ್ಲ. 1765ರಲ್ಲಿ, ಕಿರಿಯ ತಮ್ಮ ತೀರಿಕೊಂಡ ವರ್ಷ, ಆವರೆಗೆ ಮುಗಿದಿದ್ದ 24 ಸುರುಳಿಗಳನ್ನು ಶೊಕೊಕು-ಜಿ ಮಠಕ್ಕೆ ಅರ್ಪಿಸಿದ, ಉಳಿದವು ಆಮೇಲೆ ಹೋದವು. ಜೊತೆಗೆ ಶಾಕ್ಯಮುನಿ, ಮಂಜುಶ್ರೀ, ಸಮಂತಭದ್ರರ ಮೂರು ಚಿತ್ರ. ಬುದ್ಧ ನಡುವೆ, ಎರಡೂ ಕಡೆ ಹುಂಜ, ಗುಬ್ಬಿ, ಮೀನು, ಚಿಪ್ಪು, ಕಪ್ಪೆ, ಇರುವೆ. ಹುಲ್ಲು ಮರಗಳಿಗೂ ಬುದ್ಧತ್ವ ಉಂಟು ಅನ್ನೋ ಜಪಾನೀ ಬೌದ್ಧರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಆ ಕಪ್ಪೆಗಳು ಸಭೆಗೆ ಬಂದವರ ಹಾಗೆ ಕೂತಿರೋದರಲ್ಲಿ ಆಶ್ಚರ್ಯ ಇಲ್ಲ. ಅವು ನಿಜಕ್ಕೂ ಸಭೆಗೇ ಬಂದಿವೆ.

ಎಲ್ಲವೂ ಇಷ್ಟು ಚೆನ್ನಾಗಿದೆಯಾ? ಇಲ್ಲ. ಜೋಳದಂಥ ಕಿರುಧಾನ್ಯದ ತೆನೆಗೆ ಎರಗುವ ಗುಬ್ಬಿಗಳ ಚಿತ್ರ ನೋಡಿ. ಹೆಚ್ಚುಕಮ್ಮಿ ಒಂದೇ ಭಂಗಿಯಲ್ಲಿ, ಠಸ್ಸೆ ಒತ್ತಿದ ಹಾಗೆ ಸಾಲಾಗಿ ಬರ್ತಿವೆ. ನಡುವೆ ಒಂದು ಬಿಳಿ ಗುಬ್ಬಿ ಇಟ್ಟು ನಮ್ಮನ್ನು ಎಚ್ಚರಿಸ್ತಾನೆ, ಆದರೂ ಅಲ್ಲಿ ಹಕ್ಕಿಗಿಂತ ವಿನ್ಯಾಸದ ಹುಚ್ಚೇ ಜಾಸ್ತಿ. ಇನ್ನೊಂದು ತಕರಾರು: ಈ ಲೋಕದಲ್ಲಿ ಗಾಳಿ ಆಡಲ್ಲ. ಹಿಮದಲ್ಲಿ ನೆಟ್ಟಗೆ ಕೆಳಗೆ ಬೀಳ್ತಿರೋ ಬಾತುಕೋಳಿಯಂಥ ಕಾಡುಹಕ್ಕಿ ಕೂಡ ಯಾರೋ ಪಾಸ್ ಬಟನ್ ಒತ್ತಿದ ಹಾಗೆ ನಿಂತುಬಿಟ್ಟಿದೆ. ಎಲ್ಲಕ್ಕೂ ಅಷ್ಟೇ ಗಮನ ಕೊಟ್ಟರೆ ಬರೋ ಖರ್ಚು ಇದು. ಕಣ್ಣಿಗೆ ಎಲ್ಲೂ ವಿಶ್ರಾಂತಿ ಇಲ್ಲ. ಮೂವತ್ತನ್ನೂ ಒಟ್ಟಿಗೆ ನೋಡೋಕೆ ಹೋದರೆ ಹತ್ತನೆಯದಕ್ಕೇ ಸುಸ್ತಾಗುತ್ತೆ. ನನ್ನ ಸಲಹೆ, ದಿನಕ್ಕೊಂದು.

ಜಾಕುಚುವನ್ನು ಬಹುಕಾಲ ಬದಿಗಿಟ್ಟಿದ್ದಕ್ಕೆ ಈ ಅತಿಯೂ ಒಂದು ಕಾರಣ ಇರಬಹುದು. 1970ರಲ್ಲಿ ಕಲಾ ಇತಿಹಾಸಕಾರ ನೊಬುಒ ತ್ಸುಜಿ 'ವಿಲಕ್ಷಣರ ಪರಂಪರೆ' ಅಂತ ಪುಸ್ತಕ ಬರೆದು ಇವನನ್ನು ಮತ್ತೆ ಮುಂದಕ್ಕೆ ತಂದರು. ಅದು ದೊಡ್ಡ ಉಪಕಾರ. ಆದರೆ ವಿಲಕ್ಷಣ ಅನ್ನೋ ಹಣೆಪಟ್ಟಿ ಅಂಟಿಕೊಂಡುಬಿಡ್ತು. ಲೋಕದ ಗೊಡವೆಯಿಲ್ಲದ, ಕೋಳಿ ನೋಡ್ಕೊಂಡು ಕೂತ ಒಂಟಿ ಮನುಷ್ಯ ಅಂತ.

ಈ ಹಣೆಪಟ್ಟಿಯನ್ನು ಅಲ್ಲಾಡಿಸೋ ದಾಖಲೆ ನಿಶಿಕಿ ಮಾರುಕಟ್ಟೆಯ ಹಳೆಯ ಕಡತಗಳಲ್ಲಿದೆ. 1771ರ ಕೊನೆಗೆ, ಪೈಪೋಟಿಯ ಇನ್ನೊಂದು ಮಾರುಕಟ್ಟೆಯ ಕಾರಣದಿಂದ ನಿಶಿಕಿಯ ತರಕಾರಿ ವ್ಯಾಪಾರ ನಿಂತುಹೋಗೋ ಪರಿಸ್ಥಿತಿ ಬಂತು. ಆಗ ಬೀದಿಯ ಹಿರಿಯನಾಗಿ ಮುಂದೆ ನಿಂತವರಲ್ಲಿ ಈ 'ನಿವೃತ್ತ' ಚಿತ್ರಕಾರನೂ ಒಬ್ಬ. ಅಧಿಕಾರಿಗಳ ಹತ್ತಿರ ಓಡಾಟ, ತರಕಾರಿ ತರೋ ರೈತರನ್ನು ಒಗ್ಗೂಡಿಸಿ ಅರ್ಜಿ ಹಾಕಿಸೋದು, ಮತ್ತೆ ಓಡಾಟ. 1774ರಲ್ಲಿ ಮಾರುಕಟ್ಟೆ ಉಳೀತು. ಈ ವರ್ಷಗಳ ಇಸವಿ ಇರುವ ಚಿತ್ರಗಳು ಬಹಳ ಕಡಿಮೆ.

ಅಂದ್ರೆ, ಕೆಲಸ ಬಿಟ್ಟು ಕನಸಿನ ಹಿಂದೆ ಹೋದವನು ಐವತ್ತು ದಾಟಿದ ಮೇಲೆ ಕುಂಚ ಕೆಳಗಿಟ್ಟು ಮತ್ತೆ ಕೆಲಸಕ್ಕೆ ಬಂದ. ಅದೂ ತನ್ನೊಬ್ಬನ ಅಂಗಡಿಗಾಗಿ ಅಲ್ಲ. ಇದನ್ನು ಯಾರೂ ರೀಲ್ ಮಾಡಲ್ಲ, ಯಾಕಂದ್ರೆ ಸುಖವಾದ ಪಾಠ ಸಿಗಲ್ಲ. ಇನ್ನೂ ಒಂದು ಮಾತು: ಹತ್ತು ವರ್ಷ ಕೂತು, ಒಳ್ಳೆಯ ರೇಷ್ಮೆ, ಒಳ್ಳೆಯ ಬಣ್ಣ ಬಳಸಿ, ಬರೆದದ್ದನ್ನು ಮಠಕ್ಕೆ ಕೊಟ್ಟುಬಿಡೋಕೆ ಹಿಂದೆ ಮಂಡಿಯ ದುಡ್ಡು ಇರಬೇಕಿತ್ತು. ಇಎಂಐ ಇರೋರು ಅವನ ಕಥೆ ಓದಿ ಸೋಮವಾರ ರಾಜೀನಾಮೆ ಕೊಡಬೇಡಿ, ದಯವಿಟ್ಟು.

ಆದರೆ ದುಡ್ಡು ಹೋದ ಮೇಲೂ ಅವನ ಕಣ್ಣು ಬದಲಾಗಲಿಲ್ಲ ಅನ್ನೋದಕ್ಕೆ ಕೊನೆಯ ಅಧ್ಯಾಯ ಸಾಕ್ಷಿ. 1788ರಲ್ಲಿ ಕ್ಯೋಟೋದ ದೊಡ್ಡ ಬೆಂಕಿಯಲ್ಲಿ ಅವನ ಮನೆ ಸುಟ್ಟುಹೋಯ್ತು. ಎಪ್ಪತ್ತು ದಾಟಿದ್ದ ಮುದುಕ ಕೊನೆಗಾಲವನ್ನು ಊರಾಚೆಯ ಸೆಕಿಹೊ-ಜಿ ದೇವಾಲಯದ ಬಳಿ ಕಳೆದ. ಒಂದು ಚಿತ್ರಕ್ಕೆ ಒಂದು 'ತೊ' ಅಕ್ಕಿ, ಅಂದ್ರೆ ಸುಮಾರು 18 ಲೀಟರ್ ಅಳತೆಯಷ್ಟು. ಆ ಅಳತೆಯನ್ನೇ ಹೆಸರು ಮಾಡಿಕೊಂಡು, 'ಒಂದು ತೊ ಅಕ್ಕಿಯ ಮುದುಕ' ಅನ್ನೋ ಅರ್ಥದಲ್ಲಿ ಸಹಿ ಹಾಕ್ತಿದ್ದ.

ಈ ಕಾಲದ ಒಂದು ಉದ್ದನೆಯ ಸುರುಳಿ ಇದೆ, 'ಸೈಚೂ-ಫು', ತರಕಾರಿ ಮತ್ತು ಹುಳುಗಳ ಪಟ್ಟಿ ಅಂತ ಅರ್ಥ. ಸುಮಾರು 11 ಮೀಟರ್. ಮೊದಲು ತರಕಾರಿ, ಹಣ್ಣುಗಳು ಬರ್ತಾ ಹೋಗ್ತವೆ, ಆಮೇಲೆ ಹುಳುಗಳು, ಕಪ್ಪೆಗಳು. ದೋಶೊಕು ಸೈ-ಎಯ ಬಿಗಿ ಇಲ್ಲಿಲ್ಲ. ಬಣ್ಣ ತೆಳುವಾಗಿದೆ, ಗೆರೆ ಸಡಿಲ. ನಾನು ಮೇಲೆ ಹಾಕಿದ ಎರಡು ತಕರಾರಿಗೂ ಇಲ್ಲಿ ಉತ್ತರ ಸಿಗುತ್ತೆ: ಗಾಳಿ ಆಡ್ತದೆ, ಕಣ್ಣಿಗೆ ಖಾಲಿ ಜಾಗವೂ ಇದೆ. ಅಪ್ಪನ ಮಂಡಿಯ ಸರಕೂ ಆ ಸರಕನ್ನು ತಿನ್ನೋ ಹುಳವೂ ಒಂದೇ ಸುರುಳಿಯಲ್ಲಿ, ಒಬ್ಬರ ಮೇಲೊಬ್ಬರಿಗೆ ದೂರಿಲ್ಲದೆ ಕೂತಿವೆ. ತರಕಾರಿಗಳ ಮಹಾಪರಿನಿರ್ವಾಣ ಅಂತ ಅವನದೇ ಇನ್ನೊಂದು ಚಿತ್ರ ಇದೆ. ಅದರಲ್ಲಿ ಬುದ್ಧನ ಜಾಗದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕವಲೊಡೆದ ಒಂದು ಮೂಲಂಗಿ ಮಲಗಿದೆ, ಸುತ್ತ ಉಳಿದ ತರಕಾರಿಗಳು ದುಃಖದಲ್ಲಿ. ಮೊದಲು ನಗು ಬರುತ್ತೆ. ಎರಡನೇ ಸಲ ನೋಡಿದಾಗ ಅವನು ತಮಾಷೆ ಮಾಡ್ತಿಲ್ಲ ಅಂತ ಗೊತ್ತಾಗುತ್ತೆ.

ಜಾಕುಚು 1800ರಲ್ಲಿ ತೀರಿಕೊಂಡ. 1889ರಲ್ಲಿ ಕಷ್ಟದಲ್ಲಿದ್ದ ಶೊಕೊಕು-ಜಿ ಮಠ ಆ 30 ಸುರುಳಿಗಳನ್ನು ರಾಜಮನೆತನಕ್ಕೆ ಒಪ್ಪಿಸಿ, ಬದಲಿಗೆ ಬಂದ 10,000 ಯೆನ್‌ನಿಂದ ತನ್ನ ಜಾಗ ಉಳಿಸಿಕೊಳ್ತು. 2016ರಲ್ಲಿ, ಅವನ ಮುನ್ನೂರನೇ ವರ್ಷಕ್ಕೆ, ಟೋಕಿಯೋದಲ್ಲಿ ಒಂದು ತಿಂಗಳು ಪ್ರದರ್ಶನ ಇಟ್ಟಾಗ ಸುಮಾರು 4.46 ಲಕ್ಷ ಜನ ಬಂದರು. ಕೆಲವು ದಿನ ಸಾಲಿನಲ್ಲಿ ಐದು ಗಂಟೆಗೂ ಹೆಚ್ಚು ಕಾಯಬೇಕಾಯ್ತು. 2021ರಲ್ಲಿ ಸರಣಿ ರಾಷ್ಟ್ರೀಯ ನಿಧಿ ಆಯ್ತು. ನಿಶಿಕಿ ಮಾರುಕಟ್ಟೆಯ ಅಂಗಡಿಗಳ ಷಟರ್‌ಗಳ ಮೇಲೆ ಈಗ ಅವನ ಚಿತ್ರಗಳಿವೆ. ಹಗಲು ವ್ಯಾಪಾರದ ಹೊತ್ತಲ್ಲಿ ಷಟರ್ ಮೇಲಿರುತ್ತೆ, ಹುಂಜ ಕಾಣಲ್ಲ. ಅಂಗಡಿ ಮುಚ್ಚಿದ ಮೇಲೆ ಹೋದವರಿಗೆ ಮಾತ್ರ ಕಾಣ್ತದೆ.